ಹಸುಗೂಸಿನ ಮೈಮೇಲೆ ಗುಳ್ಳೆ ಎದ್ದಾಗ

ಹುಟ್ಟಿದ ಎರಡು-ಮೂರನೇ ದಿನ ಮಗುವಿನ ಮುಖ, ಎದೆ, ಬೆನ್ನಿನ ಮೇಲೆ ಸೊಳ್ಳೆ ಕಚ್ಚಿದಂತೆ ಕೆಂಪು ಕಲೆ, ಅದರ ನಡುವೆ ಸಾಸಿವೆಗಿಂತ ಚಿಕ್ಕ ಗುಳ್ಳೆ ಏಳುವುದುಂಟು. ದಿನ ತುಂಬಿ ಹುಟ್ಟಿದ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳಿಗೆ ಇದು ಬರುತ್ತದೆ. ಬೆಳಗ್ಗೆ ಎದೆಯ ಮೇಲಿದ್ದದ್ದು ಸಂಜೆಗೆ ತೊಡೆಯ ಮೇಲಿರುತ್ತದೆ. ಅಂಗೈ, ಅಂಗಾಲಿಗೆ ಸಾಮಾನ್ಯವಾಗಿ ಬರುವುದಿಲ್ಲ. ಇದು ತಾಯಿ ತಿಂದದ್ದರಿಂದ ಬಂದದ್ದಲ್ಲ, ಬಾಣಂತಿಯ ಊಟಕ್ಕೆ ಕತ್ತರಿ ಹಾಕಬೇಡಿ. ಮುಲಾಮೂ ಬೇಡ, ಒಂದೆರಡು ವಾರದಲ್ಲಿ ತಾನೇ ಹೋಗುತ್ತದೆ. ಮೂಗಿನ ಮೇಲಿನ ರವೆಯಂಥ ಬಿಳಿ ಚುಕ್ಕಿಗಳೂ ಹಾಗೆಯೇ, ಚಿವುಟಬೇಡಿ.

ಬೆವರುಸಾಲೆ ಮಾತ್ರ ಬಹುಪಾಲು ನಾವೇ ತಂದಿಡುವುದು. ಬೇಸಿಗೆಯಲ್ಲೂ ಕುಲಾವಿ, ಸ್ವೆಟರ್, ಮೇಲೊಂದು ಕಂಬಳಿ, ಕಿಟಕಿ ಮುಚ್ಚಿದ ಕೋಣೆ. ಬೆವರು ಹೊರಬರುವ ದಾರಿ ಕಟ್ಟಿಕೊಂಡು ಕತ್ತಿನ ಮಡಿಕೆ, ಕಂಕುಳಲ್ಲಿ ಗುಳ್ಳೆ ಏಳುತ್ತವೆ. ಪೌಡರ್ ಹಾಕಿದರೆ ಬೆವರಲ್ಲಿ ಕಲಸಿ ಮಡಿಕೆಯೊಳಗೆ ಗಟ್ಟಿಯಾಗುತ್ತದೆ, ಪುಡಿ ಮಗುವಿನ ಉಸಿರಿಗೂ ಸೇರುತ್ತದೆ. ಮಗುವಿನ ಕೈಕಾಲು ತಣ್ಣಗಿದೆ ಎಂದು ಹೊದಿಸಬೇಡಿ. ಕುತ್ತಿಗೆಯ ಹಿಂಭಾಗ ಮುಟ್ಟಿ ನೋಡಿ. ಅಲ್ಲಿ ಬೆವರಿದ್ದರೆ ಒಂದು ಬಟ್ಟೆ ತೆಗೆಯಿರಿ. ಸ್ನಾನದ ನೀರು 37 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರಲಿ, ಮೊಣಕೈ ಅದ್ದಿದರೆ ಬಿಸಿಯೆನಿಸಬಾರದು. ಕಡಲೆಹಿಟ್ಟು ಹಾಕಿ ತಿಕ್ಕುವುದು ಬೇಡವೇ ಬೇಡ, ಆ ಎಳೆಯ ತೊಗಲು ತರಚುತ್ತದೆ.

ಡೈಪರ್ ಜಾಗ ಕೆಂಪಾದರೆ 2-3 ಗಂಟೆಗೊಮ್ಮೆ, ಕಕ್ಕ ಮಾಡಿದ ಕೂಡಲೇ ಬದಲಿಸಿ. ಬೆಚ್ಚಗಿನ ನೀರು, ಹತ್ತಿಯಿಂದ ತೊಳೆದು, ಉಜ್ಜದೆ ಒತ್ತಿ ಒರೆಸಿ. ಹತ್ತು ನಿಮಿಷ ಗಾಳಿಗೆ ಬಿಟ್ಟು ಜಿಂಕ್ ಆಕ್ಸೈಡ್ ಮುಲಾಮನ್ನು ದಪ್ಪಗೆ ಬಳಿಯಿರಿ. ಮುಂದಿನ ಸಲ ಅದನ್ನೆಲ್ಲ ಕೆರೆದು ತೆಗೆಯಬೇಕಿಲ್ಲ. ಆಮೇಲೆ ತೊಡೆಸಂದಿಯ ಮಡಿಕೆಯನ್ನು ಬಿಡಿಸಿ ನೋಡಿ. ಉಬ್ಬಿದ ಭಾಗವಷ್ಟೇ ಕೆಂಪಾಗಿ ಮಡಿಕೆಯ ಒಳಗು ಚೆನ್ನಾಗಿದ್ದರೆ ಅದು ಒದ್ದೆಯಿಂದ ಆದದ್ದು. ಮಡಿಕೆಯೊಳಗೂ ಕಡುಗೆಂಪಾಗಿ ಸುತ್ತ ಬಿಡಿ ಚುಕ್ಕಿಗಳಿದ್ದರೆ ಶಿಲೀಂಧ್ರವಿರಬಹುದು. ಜಿಂಕ್ ಒಂದರಿಂದಲೇ ಹೋಗದು, ವೈದ್ಯರು ಬೇರೆ ಮುಲಾಮು ಕೊಡುತ್ತಾರೆ. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಸ್ಟೀರಾಯ್ಡ್ ಬೆರೆತ ಕ್ರೀಮು ಹಚ್ಚಬೇಡಿ, ತೊಗಲು ತೆಳುವಾಗುತ್ತದೆ.

ಇನ್ನು ತಡಮಾಡಬಾರದ ಸಂಗತಿಗಳು: ನೀರು ಅಥವಾ ಕೀವು ತುಂಬಿದ ಗುಳ್ಳೆ, ಹೊಕ್ಕುಳ ಸುತ್ತ ಕೆಂಪು, 38 ಡಿಗ್ರಿ ಜ್ವರ, ಹಾಲು ಕುಡಿಯದಿರುವುದು. ಕಾಮಾಲೆ ನೋಡಲು ಹಗಲು ಬೆಳಕಿನಲ್ಲಿ ಹಣೆ, ಎದೆಯನ್ನು ಬೆರಳಿನಿಂದ ಒತ್ತಿ ಬಿಡಿ. ಒತ್ತಿದ ಜಾಗ ಹಳದಿಯಾಗಿ ಕಂಡರೆ ವೈದ್ಯರಿಗೆ ತೋರಿಸಿ. ಹುಟ್ಟಿದ 24 ಗಂಟೆಯೊಳಗೇ ಹಳದಿಯಾದರೆ, ಇಲ್ಲವೇ ಅಂಗೈ-ಅಂಗಾಲಿಗೂ ಇಳಿದಿದ್ದರೆ, ಬಿಸಿಲಿಗೆ ಹಿಡಿಯುತ್ತ ಕೂರದೆ ಆಗಲೇ ಆಸ್ಪತ್ರೆಗೆ ಹೊರಡಿ.