ಮೂರು ಕುರ್ಚಿ, ವರ್ಷಕ್ಕೊಂದು ಖಾಲಿ

ಟೆಕ್ಸಸ್‌ನ ಮಧ್ಯಮ ಗಾತ್ರದ ಊರೊಂದರ ಸಿಟಿ ಹಾಲ್‌ನಲ್ಲಿ, ಎಚ್‌ಆರ್ ವಿಭಾಗದಲ್ಲಿ ನನ್ನ ಕೆಲಸ. ಪೊಲೀಸರು ಮತ್ತು ಅಗ್ನಿಶಾಮಕ ಸಿಬ್ಬಂದಿಯ ಸಿವಿಲ್ ಸರ್ವಿಸ್ ಕಮಿಷನ್‌ಗೆ (ಕೆಲಸ ಕಳೆದುಕೊಂಡವರ ಮೇಲ್ಮನವಿಯೂ ಇದರ ಮುಂದೆ ಬರುತ್ತದೆ) ಸದಸ್ಯರನ್ನು ಹುಡುಕಿ ಕಡತ ಕಟ್ಟುವುದು ನನ್ನ ಪಾಲಿಗೆ ಬಂದಿದೆ. ಊರಿಗೆ ಫೋನ್ ಮಾಡಿ ಹೇಳಿದರೆ ಎಲ್ಲರೂ ಕೆಪಿಎಸ್‌ಸಿ ಅಂದುಕೊಳ್ಳುತ್ತಾರೆ! ಅಲ್ಲಿ ನೇಮಕ ರಾಜ್ಯಪಾಲರದ್ದು, ಅವಧಿ ಆರು ವರ್ಷ. ಇಲ್ಲಿ ಮೂರೇ ಜನ, ತಲಾ ಮೂರು ವರ್ಷ, ವರ್ಷಕ್ಕೊಬ್ಬರ ಅವಧಿ ಮುಗಿಯುತ್ತದೆ. ನಮ್ಮಲ್ಲಿ ಹೆಸರು ಸೂಚಿಸುವುದು ನಗರದ ಮುಖ್ಯ ಆಡಳಿತಾಧಿಕಾರಿಯಾದ ಸಿಟಿ ಮ್ಯಾನೇಜರ್, ಒಪ್ಪಬೇಕಾದ್ದು ನಗರದ ಚುನಾಯಿತ ಕೌನ್ಸಿಲ್.

ರಾಜ್ಯದ ಸ್ಥಳೀಯ ಸರ್ಕಾರ ಸಂಹಿತೆಯ 143ನೇ ಅಧ್ಯಾಯ ಕೇಳುವುದು ಹೆಚ್ಚೇನಿಲ್ಲ: ಒಳ್ಳೆಯ ನಡತೆ, ಅಮೆರಿಕದ ಪೌರತ್ವ, 25 ದಾಟಿದ ವಯಸ್ಸು, ನಗರದಲ್ಲಿ ಮೂರು ವರ್ಷಕ್ಕಿಂತ ಹೆಚ್ಚಿನ ವಾಸ, ಹಿಂದಿನ ಮೂರು ವರ್ಷ ಯಾವ ಸಾರ್ವಜನಿಕ ಹುದ್ದೆಯಲ್ಲೂ ಇಲ್ಲದಿರುವುದು. ಇದರಲ್ಲಿ ಎಡವಿಸುವುದು ವಾಸದ ಷರತ್ತು. ಅಂಚೆ ವಿಳಾಸದಲ್ಲಿ ನಮ್ಮ ಊರಿನ ಹೆಸರಿರುತ್ತದೆ, ಮನೆ ಮಾತ್ರ ನಗರದ ಗಡಿಯಾಚೆ. ಅದಕ್ಕೇ ನಾನು ವಿಳಾಸ ನಂಬುವುದಿಲ್ಲ, ಆಸ್ತಿ ತೆರಿಗೆ ಬಿಲ್ ಕೇಳುತ್ತೇನೆ. ಕೌಂಟಿ, ಶಾಲಾ ಜಿಲ್ಲೆಯ ಸಾಲುಗಳ ಜೊತೆಗೆ ನಗರದ ತೆರಿಗೆಯ ಸಾಲೂ ಇದ್ದರೆ ಸರಿ. ಬಾಡಿಗೆ ಮನೆಯವರಾದರೆ ನಕ್ಷೆಯಲ್ಲಿ ಗಡಿ ನೋಡಬೇಕು.

ಕಾನೂನಿನಲ್ಲಿ ಇಲ್ಲದ್ದನ್ನೂ ಒಂದು ಕೇಳುತ್ತೇನೆ: "ಮನೆಯಲ್ಲಿ, ಹತ್ತಿರದ ನೆಂಟರಲ್ಲಿ ಪೊಲೀಸರೋ ಫೈರ್‌ನವರೋ ಇದ್ದಾರಾ?" ಇದ್ದರೆ ಅನರ್ಹರೆಂದಲ್ಲ. ಆದರೆ ಕೆಲಸ ಕಳೆದುಕೊಂಡ ಅಧಿಕಾರಿಯ ಮೇಲ್ಮನವಿ ನಾಳೆ ಇವರ ಮುಂದೆಯೇ ಬರಬಹುದು. ಆಗ ಇಲಾಖೆಯ ಮುಖ್ಯಸ್ಥ ಚೀಫ್ ಕಡೆಯವರೂ ಯೂನಿಯನ್ ಕಡೆಯವರೂ ಸದಸ್ಯರ ಮುಖ ನೋಡಿಯೇ ಲೆಕ್ಕ ಹಾಕುತ್ತಾರೆ. ನನ್ನ ಕಣ್ಣಿಗೆ ಒಳ್ಳೆಯ ಸದಸ್ಯರೆಂದರೆ ದಪ್ಪ ಕಡತ ಪೂರ್ತಿ ಓದುವ ತಾಳ್ಮೆ ಇರುವವರು. ನಿವೃತ್ತ ಮೇಷ್ಟ್ರುಗಳು ಇದಕ್ಕೆ ಹೇಳಿ ಮಾಡಿಸಿದವರು. ಊರಲ್ಲಿ ದೊಡ್ಡ ಹೆಸರಿದ್ದವರು ಸಭೆಗೇ ಬರುವುದಿಲ್ಲ.

ಕೌನ್ಸಿಲ್ ಕೈ ಎತ್ತಿದ ಮೇಲೂ ಕೆಲಸ ಮುಗಿದಿಲ್ಲ. ನೇಮಕಕ್ಕಾಗಿ ಯಾರಿಗೂ ಹಣ ಕೊಟ್ಟಿಲ್ಲ, ಆಮಿಷ ಒಡ್ಡಿಲ್ಲ ಎಂಬ ಹೇಳಿಕೆಗೆ ಮೊದಲು ಸಹಿ, ಆಮೇಲೆ ಪ್ರಮಾಣವಚನ. ಈ ಕ್ರಮ ತಿರುವುಮುರುವಾಗಬಾರದು. ನೇಮಕವಾದ ಹತ್ತು ದಿನದೊಳಗೆ ಅಧಿಕಾರ ವಹಿಸಿಕೊಳ್ಳದಿದ್ದರೆ ಆ ಜಾಗಕ್ಕೆ ಬೇರೆಯವರನ್ನು ಹುಡುಕಬೇಕು. ಹಾಗಾಗಿ ಎರಡೂ ಕಾಗದ ಕೈಯಲ್ಲಿ ಹಿಡಿದೇ ಕೌನ್ಸಿಲ್ ಸಭೆಗೆ ಹೋಗುತ್ತೇನೆ. ಪ್ರಮಾಣವಚನ ಬೋಧಿಸುವ ಸಿಟಿ ಸೆಕ್ರೆಟರಿ ತಮ್ಮ ಮನೆಗೆ ಹೊರಡುವ ಮುಂಚೆಯೇ ಎಲ್ಲ ಮುಗಿಸಿಬಿಡುತ್ತೇವೆ.