ಅಪ್ಪಾಜಿಯ ಕೋಣೆಗೆ ಬಣ್ಣ ಆರಿಸಿದ್ದು

ದಾವಣಗೆರೆಯ ವಿನೋಬನಗರದ ನಮ್ಮ ಮನೆಗೆ ನಲವತ್ತು ವರ್ಷ ದಾಟಿದೆ. ಅಪ್ಪಾಜಿಯ ಕೋಣೆ 12 ಅಡಿ ಉದ್ದ, 11 ಅಡಿ ಅಗಲ. ಪಶ್ಚಿಮಕ್ಕೆ ಒಂದೇ ಕಿಟಕಿ, ಕೆಳಗೆ ರೆಡ್ ಆಕ್ಸೈಡ್ ನೆಲ. ಗೋಡೆಗಿದ್ದದ್ದು ಹಳೆಯ ನೀಲಿ ಡಿಸ್ಟೆಂಪರ್; ಒರಗಿ ಕುಳಿತರೆ ಅಂಗಿಯ ಬೆನ್ನಿಗೆ ಪುಡಿ ಅಂಟುತ್ತಿತ್ತು. ಕಳೆದ ಮಾರ್ಚಿನಲ್ಲಿ ಅವರ ಬಲಗಣ್ಣಿನ ಪೊರೆ ತೆಗೆದರು, ಎಡಗಣ್ಣಿಗೆ ಮೇ ತಿಂಗಳ ದಿನ ಕೊಟ್ಟರು. ಧೂಳು ತಾಕಬಾರದೆಂದು ಅವರ ಮಂಚವನ್ನು ಹೇಗೂ ಪಡಸಾಲೆಗೆ ತಂದಿದ್ದೆವು. ಈ ನಡುವೆಯೇ ಕೋಣೆಗೆ ಬಣ್ಣ ಹೊಡೆಸಿಬಿಡೋಣ ಎಂದು ಹೊರಟೆ.

ಅಂಗಡಿಯಲ್ಲಿ ಶೇಡ್ ಕಾರ್ಡ್ ಬಿಚ್ಚಿದರೆ ಬಿಳಿಯಲ್ಲೇ ಹತ್ತಾರು ಬಗೆ. ಎರಡು ಬೆರಳಗಲದ ಚೌಕ ನೋಡಿ ನಾಲ್ಕು ಗೋಡೆಗಳನ್ನು ಊಹಿಸುವುದು ನನ್ನಿಂದ ಆಗಲಿಲ್ಲ. ಕೆನೆ, ಗಂಧ, ನೀಲಿ ಛಾಯೆಯ ತಿಳಿ ಬೂದಿ ಎಂದು ಮೂರನ್ನು ಗುರುತು ಹಾಕಿದೆ. ಬಿಳಿಗೆ ತೀರ ಹತ್ತಿರದ ಒಂದು ಮಂಕು ಹಸಿರನ್ನು ಅಮ್ಮನ ಒತ್ತಾಯಕ್ಕೆ ಸೇರಿಸಿದೆ. ನಾಲ್ಕರದ್ದೂ 200 ಮಿಲಿಲೀಟರಿನ ಸ್ಯಾಂಪಲ್ ಡಬ್ಬಿ ತಂದೆ.

ತಂದವಳೇ ಆ ನೀಲಿ ಗೋಡೆಯ ಮೇಲೆಯೇ ನಾಲ್ಕು ಪಟ್ಟೆ ಬಳಿದೆ. ಕೆನೆ ಬಣ್ಣ ಅರಿಸಿನ ಕಲಸಿದ ಹಾಗೆ ಕಂಡಿತು, ಗಂಧದ್ದು ಇನ್ನೂ ಗಾಢ. ಬೇಡವೇ ಬೇಡ ಎನ್ನುವಷ್ಟರಲ್ಲಿ ಅಪ್ಪಾಜಿ ಬಾಗಿಲಲ್ಲಿ ನಿಂತು, "ನೀಲಿಯ ಪಕ್ಕದಲ್ಲಿಟ್ಟರೆ ಹಳದಿ ಎದ್ದೇ ಕಾಣುತ್ತದಮ್ಮ. ಬೇರೆ ಮಾಡಿ ನೋಡು" ಎಂದರು. ಚೌಕಿಪೇಟೆಯ ಬಟ್ಟೆ ಅಂಗಡಿಯೊಂದರಲ್ಲಿ ಮೂವತ್ತು ವರ್ಷ ದುಡಿದವರು ಅವರು. ಸೀರೆಗೆ ಕುಪ್ಪಸದ ಬಟ್ಟೆ ಹೊಂದಿಸಲು ಬಂದ ಹೆಂಗಸರನ್ನು, ಎರಡನ್ನೂ ಕೈಗೆ ಕೊಟ್ಟು, ಬೀದಿಯ ಬೆಳಕಿಗೆ ಕಳುಹಿಸುತ್ತಿದ್ದರಂತೆ. ಟ್ಯೂಬ್‌ಲೈಟಿನಡಿ ಒಂದೇ ಎನಿಸಿದ ಎರಡು ಬಣ್ಣ ಬಿಸಿಲಿನಲ್ಲಿ ಬೇರೆಯಾಗುವುದನ್ನು ಅವರು ದಿನವೂ ಕಂಡವರು.

ಮರುದಿನ ದೊಡ್ಡ ಡ್ರಾಯಿಂಗ್ ಶೀಟುಗಳನ್ನು ತಂದು, ಒಂದೊಂದು ಬಣ್ಣಕ್ಕೆ ಎರಡೆರಡರಂತೆ ಎರಡು ಕೋಟ್ ಹೊಡೆದೆ. ಸುತ್ತಲೂ ಎರಡು ಇಂಚು ಬಿಳಿ ಅಂಚು ಬಿಟ್ಟೆ, ಗೋಡೆಯ ನೀಲಿ ನೇರವಾಗಿ ತಗುಲದಿರಲೆಂದು. ಎಮಲ್ಷನ್ ಹಸಿಯಿದ್ದಾಗ ತಿಳಿಯಾಗಿ ಕಂಡು, ಒಣಗಿದ ಮೇಲೆ ಒಂದಿಷ್ಟು ಗಾಢವಾಗುತ್ತದೆ. ಹಾಗಾಗಿ ಒಂದಿಡೀ ದಿನ ಒಣಗಲು ಬಿಟ್ಟೆ. ಶೀಟುಗಳನ್ನು ನೆಲದ ಮೇಲೆ ಹರಡಲಿಲ್ಲ, ಗೋಡೆಗೆ ನೆಟ್ಟಗೆ ಅಂಟಿಸಿದೆ. ಒಂದೇ ಬಣ್ಣದ ಎರಡು ಶೀಟುಗಳನ್ನು ಮೂಲೆಯಲ್ಲಿ ಅಕ್ಕಪಕ್ಕದ ಗೋಡೆಗಳಿಗೆ ಕೂಡಿಸಿ ಇಟ್ಟಾಗ ಬಣ್ಣ ಇನ್ನೂ ಒತ್ತಾಗುವುದು ಕಣ್ಣಿಗೆ ಬಿತ್ತು. ಒಂದು ಗೋಡೆಯ ಬೆಳಕು ಇನ್ನೊಂದರ ಮೇಲೆ ಬೀಳುತ್ತದಲ್ಲ! ಕಾರ್ಡಿನಲ್ಲಿ ತಿಳಿಯಾಗಿದ್ದ ಗಂಧ ಇಡೀ ಕೋಣೆಗೆ ಬಂದರೆ ಎಷ್ಟು ಭಾರವಾಗುತ್ತದೆಂದು ಆ ಮೂಲೆಯಲ್ಲೇ ಗೊತ್ತಾಯಿತು. ಅದನ್ನು ಅಂದೇ ಕೈಬಿಟ್ಟೆ.

ಬೆಳಿಗ್ಗೆ ಎಂಟಕ್ಕೆ ಮೂರೂ ಚೆನ್ನಾಗಿಯೇ ಇದ್ದವು. ಮಧ್ಯಾಹ್ನವೂ ಅಂಥ ವ್ಯತ್ಯಾಸವಿಲ್ಲ. ಸಂಜೆ ನಾಲ್ಕೂವರೆಗೆ ಬಂದಾಗ ಕೋಣೆಯೇ ಬೇರೆಯಾಗಿತ್ತು. ನಮ್ಮೂರಿನ ಏಪ್ರಿಲ್ ಬಿಸಿಲು ಕಿಟಕಿಯಿಂದ ಇಳಿದು ಮಂಚವಿದ್ದ ಜಾಗದ ಉದ್ದಕ್ಕೂ ನೆಲದ ಮೇಲೆ ಬಿದ್ದಿತ್ತು. ಎಣ್ಣೆ ಬಟ್ಟೆಯಲ್ಲಿ ಒರೆಸಿ ಒರೆಸಿ ಹೊಳಪಾದ ಕೆಂಪು ನೆಲ ಆ ಬಿಸಿಲನ್ನು ಎತ್ತಿ ಗೋಡೆಗೆ ಎರಚುತ್ತಿತ್ತು. ಕೆನೆ ಬಣ್ಣ ಪೀಚ್ ಹಣ್ಣಿನ ಬಣ್ಣಕ್ಕೆ ತಿರುಗಿತು. ನಾನು ಆಸೆಪಟ್ಟಿದ್ದ ಬೂದಿ, ಮೊಣಕಾಲೆತ್ತರದವರೆಗೆ ನಸುನೇರಳೆಯಾಗಿ ಮೇಲೆ ಮಾತ್ರ ಬೂದಿಯಾಗಿ ಉಳಿಯಿತು. ಆ ಮಂಕು ಹಸಿರೊಂದೇ ತಣ್ಣಗಿತ್ತು. ನೆಲದ ಕೆಂಪೂ ಅದರ ಹಸಿರೂ ಒಂದನ್ನೊಂದು ಕಳೆದು, ತೊಳೆದ ಹತ್ತಿಯಂಥ ಬಿಳಿ ಉಳಿದಿತ್ತು. ಶೀಟಿನ ಕೆಳತುದಿಗೆ ಒಂದು ರಟ್ಟು ಅಡ್ಡ ಹಿಡಿದೆ, ಹಸಿರು ಮರಳಿ ಬಂತು. ತೆಗೆದೆ, ಹೋಯಿತು. ನಾಲ್ಕೈದು ಬಾರಿ ಹಾಗೇ ಮಾಡಿ ಖಾತ್ರಿ ಮಾಡಿಕೊಂಡೆ.

ಆದರೆ ಕೋಣೆಯಲ್ಲಿ ಇರುವವರು ಅಪ್ಪಾಜಿ. ಅವರನ್ನು ಕುರ್ಚಿಯಲ್ಲಿ ಕೂರಿಸಿ ಶೀಟುಗಳನ್ನು ತೋರಿಸಿದೆ. ಕೆನೆ ಬಣ್ಣದ್ದನ್ನು ನೋಡಿ, "ಬಿಳಿ ಇದು" ಎಂದರು. ನಂತರ ಅಂಗೈಯಿಂದ ಎಡಗಣ್ಣು ಮುಚ್ಚಿಕೊಂಡು, "ಅಲ್ಲ, ಹಳದಿ ಇದೆ" ಎಂದರು. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿ ತಿರುಗಿ ನೀಲಿ ಬೆಳಕನ್ನು ತಡೆಯುತ್ತದೆ. ಪೊರೆ ಬಂದ ಆ ಮಸೂರವನ್ನೇ ತೆಗೆದು ಕೃತಕ ಮಸೂರ ಕೂರಿಸಿದಾಗ ನೀಲಿ ಮತ್ತೆ ಒಳಗೆ ಬರುತ್ತದೆ. ಅವರ ಎರಡು ಕಣ್ಣುಗಳಲ್ಲಿ ಆಗ ಎರಡು ಕೋಣೆಗಳಿದ್ದವು. ಇನ್ನು ಮುಂದೆ ಅವರು ನೋಡುವುದು ಬಲಗಣ್ಣಿನ ಹಾಗೆಯೇ ಆದ್ದರಿಂದ ಆ ಕಣ್ಣಿನ ಮಾತನ್ನೇ ಹಿಡಿದೆ. ಬಲಗಣ್ಣಿಗೆ ಬೂದಿ ಚಳಿ ಹಿಡಿಸಿತು, ಹಸಿರು ಹಿತವಾಯಿತು.

ಕಾರ್ಡಿನ ಹಿಂಬದಿಯಲ್ಲಿ ಎಲ್‌ಆರ್‌ವಿ ಎಂಬ ಅಂಕಿಯಿರುತ್ತದೆ: ಬಣ್ಣ ಎಷ್ಟು ಬೆಳಕನ್ನು ಹಿಂದಿರುಗಿಸುತ್ತದೆ ಎಂಬ ಲೆಕ್ಕ. ಕಪ್ಪಿಗೆ 0, ಅಪ್ಪಟ ಬಿಳಿಗೆ 100. ನಮ್ಮ ಹಸಿರಿನದು 72. ಒಂದೇ ಕಿಟಕಿಯ ಕೋಣೆಗೆ 60ರ ಕೆಳಗೆ ಇಳಿಯಬಾರದೆಂಬುದು ನನ್ನ ಅಭಿಪ್ರಾಯ. ದೃಷ್ಟಿ ಮಂದವಿರುವವರಿಗೆ ಗೋಡೆಗೂ ಬಾಗಿಲಿಗೂ ಈ ಅಂಕಿಯಲ್ಲಿ ಸುಮಾರು 30ರ ಅಂತರ ಇರಬೇಕೆಂದು ಕಟ್ಟಡ ವಿನ್ಯಾಸ ಮಾಡುವವರು ಹೇಳುತ್ತಾರೆ. ಅದಕ್ಕೇ ಬಾಗಿಲ ಚೌಕಟ್ಟನ್ನು ಕಡುಕಂದಾಗಿಯೇ ಉಳಿಸಿದೆವು. ಬಿಳಿ ಸ್ವಿಚ್ ಬೋರ್ಡ್ ಗೋಡೆಯಲ್ಲಿ ಕರಗಿಹೋಗದಂತೆ ಅದರ ಸುತ್ತಲೂ ಮರದ ಪಟ್ಟಿ ಹೊಡೆಸಿದೆವು.

ರಾತ್ರಿ ಮಾತ್ರ ಹಸಿರು ಕೈಕೊಟ್ಟಿತು. 6500 ಕೆಲ್ವಿನ್‌ನ, ಅಂದರೆ ನೀಲಿ ಛಾಯೆಯ ಬಿಳಿ ಬೆಳಕಿನ, ಟ್ಯೂಬಿನಡಿ ಆಸ್ಪತ್ರೆಯ ವಾರ್ಡಿನಂತೆ ಕಂಡಿತು. ಬಣ್ಣ ಬದಲಿಸಲಿಲ್ಲ, ಟ್ಯೂಬ್ ಬದಲಿಸಿದೆ. ಅದಕ್ಕಿಂತ ಬೆಚ್ಚನೆಯ ಬೆಳಕಿನ 4000 ಕೆಲ್ವಿನ್‌ನದು ಹಾಕಿದ ಮೇಲೆ ಸರಿಹೋಯಿತು.

ಮುಂದಿನದೆಲ್ಲ ಪೇಂಟರ್ ಕೆಲಸ: ಡಿಸ್ಟೆಂಪರ್ ಕೆರೆದು, ಪುಟ್ಟಿ, ಪ್ರೈಮರ್, ಎರಡು ಕೋಟ್. ಹಿಂದೊಮ್ಮೆ ಪಡಸಾಲೆಗೆ ಬಣ್ಣ ಸಾಲದೆ ವಾರ ಬಿಟ್ಟು ಅದೇ ನಂಬರಿನ ಡಬ್ಬಿ ತಂದಾಗ ಗೋಡೆಯ ನಡುವೆ ಗೆರೆ ಎದ್ದಿತ್ತು. ಈ ಸಲ 4 ಲೀಟರ್ ಮತ್ತು 1 ಲೀಟರ್ ಡಬ್ಬಿಗಳನ್ನು ಒಟ್ಟಿಗೇ ಬೆರೆಸಿಸಿ ತಂದು, ಒಂದೇ ಬಕೆಟ್ಟಿಗೆ ಸುರಿದು ಕಲಸಿದೆವು. "ಅಕ್ಕ, ಇಷ್ಟು ತಿಳಿ ಬಣ್ಣಕ್ಕೆ ಇದೆಲ್ಲ ಬೇಕಾ?" ಎಂದ ಪೇಂಟರ್. ಬೇಕು ಎಂದೆ.

ಮೇ ಕೊನೆಯಲ್ಲಿ ಎಡಗಣ್ಣೂ ಆಯಿತು. ಪಟ್ಟಿ ಬಿಚ್ಚಿದ ಮರುದಿನ ಅಪ್ಪಾಜಿ ಬೀರುವಿನ ಹಿಂದೆ ಇಟ್ಟಿದ್ದ ಶೀಟುಗಳನ್ನು ಕೇಳಿ ಪಡೆದರು. ಕೆನೆ ಬಣ್ಣದ್ದನ್ನು ಕಿಟಕಿಗೆ ಒಯ್ದು, ಒಂದು ಕಣ್ಣು ಮುಚ್ಚಿ, ಇನ್ನೊಂದು ಮುಚ್ಚಿ, ಬಹಳ ಹೊತ್ತು ನೋಡಿದರು. "ಇದನ್ನು ನಾನು ಬಿಳಿ ಎಂದಿದ್ದೆನೇ?" ಎಂದು ಅಮ್ಮನನ್ನು ಕೇಳಿದರು.