ಆರು ಪ್ಲೇ ಸಾಕು: ಸರಳವಾದ ಫುಟ್‌ಬಾಲ್ ಆಫೆನ್ಸ್ ಕಟ್ಟುವುದು ಹೇಗೆ

ಅಮೆರಿಕದಲ್ಲಿರುವ ನಮ್ಮವರು ಮಕ್ಕಳ ಅಮೆರಿಕನ್ ಫುಟ್‌ಬಾಲ್ (ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ) ಟೀಮಿಗೆ ಕೋಚ್ ಆಗಲು ಒಪ್ಪಿಕೊಂಡ ರಾತ್ರಿಯೇ ಒಂದು ಕೆಲಸ ಮಾಡುತ್ತಾರೆ. ಯೂಟ್ಯೂಬ್ ಮುಂದೆ ಕೂತು ನಲವತ್ತು ಪ್ಲೇ (ಒಂದು ಸಲದ ದಾಳಿಯಲ್ಲಿ ಯಾರು ಎಲ್ಲಿಗೆ ಹೋಗಬೇಕು ಅನ್ನುವ ಯೋಜನೆ) ಬರೆದುಕೊಳ್ಳುತ್ತಾರೆ. ಕಾಗದದ ಮೇಲೆ ಎಲ್ಲವೂ ಚೆನ್ನಾಗೇ ಕಾಣುತ್ತವೆ. ಶನಿವಾರ ಮ್ಯಾಚಿನಲ್ಲಿ ಮಾತ್ರ ಇಬ್ಬರು ಹುಡುಗರು ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತಾರೆ, ಮೂರನೆಯವನು "ಕೋಚ್, ನಾನು ಎಲ್ಲಿಗೆ ಹೋಗಬೇಕು" ಅಂತ ಸ್ನ್ಯಾಪ್ ಆಗುವ (ಚೆಂಡನ್ನು ಹಿಂದಕ್ಕೆ ಕೊಟ್ಟು ಆಟ ಶುರು ಮಾಡುವ) ಹೊತ್ತಿಗೆ ಕೇಳುತ್ತಾನೆ. ಆ ನೋಟ್‌ಬುಕ್ ಮುಚ್ಚಿಡಿ. ಆರು ಪ್ಲೇ ಸಾಕು. ಎಡಕ್ಕೂ ಬಲಕ್ಕೂ ಆಡಿಸಿದರೆ ಅದೇ ಹನ್ನೆರಡಾಯಿತು.

ಯಾಕೆ ಅಂತ ಒಂದು ಲೆಕ್ಕ ಹಾಕೋಣ. ಆಫೆನ್ಸ್‌ನಲ್ಲಿ, ಅಂದರೆ ಚೆಂಡು ಹಿಡಿದು ದಾಳಿ ಮಾಡುವ ಕಡೆ, 11 ಜನ. ಒಬ್ಬೊಬ್ಬನೂ ತನ್ನ ಕೆಲಸವನ್ನು ನೂರಕ್ಕೆ 90 ಸಲ ಸರಿಯಾಗಿ ಮಾಡುತ್ತಾನೆ ಅಂದುಕೊಳ್ಳಿ. ಕೇಳೋಕೆ ಚೆನ್ನಾಗಿದೆ ಅಲ್ವಾ? ಆದರೆ ಹನ್ನೊಂದು ಜನವೂ ಒಂದೇ ಪ್ಲೇನಲ್ಲಿ ಸರಿ ಮಾಡುವುದು ನೂರಕ್ಕೆ ಸುಮಾರು 31 ಸಲ ಮಾತ್ರ. ಅದೇ 99 ಆದರೆ ಸುಮಾರು 90 ಸಲ. ಒಬ್ಬ ತಪ್ಪಿದ ಮಾತ್ರಕ್ಕೆ ಪ್ರತಿ ಸಲವೂ ಪ್ಲೇ ಕೆಡುವುದಿಲ್ಲ, ನಿಜ. ಆದರೂ 90ರಿಂದ 99ಕ್ಕೆ ಏರಬೇಕಾದರೆ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸಬೇಕು, ಅದಕ್ಕೆ ಸಮಯ ಬೇಕು. ಒಂದು ಗಂಟೆಯ ಪ್ರಾಕ್ಟೀಸಿನಲ್ಲಿ 30 ಪ್ಲೇ ಇಟ್ಟುಕೊಂಡರೆ ಒಂದಕ್ಕೆ 2 ನಿಮಿಷ. 6 ಇಟ್ಟುಕೊಂಡರೆ 10 ನಿಮಿಷ.

ಈಗ ಕೆಲಸಕ್ಕೆ ಇಳಿಯೋಣ. ಮೊದಲು ಒಂದೇ ಒಂದು ಪ್ಲೇ ಆರಿಸಿಕೊಳ್ಳಿ. ನಿಮ್ಮ ಟೀಮಿನ ಹೆಸರು ಹೇಳಿದರೆ ಎದುರಾಳಿಗೆ ಮೊದಲು ನೆನಪಾಗಬೇಕಾದ ಪ್ಲೇ ಅದು. ಇದಕ್ಕೆ ಹಳೇ ಕೋಚ್ ವಿನ್ಸ್ ಲೊಂಬಾರ್ಡಿಗಿಂತ ಒಳ್ಳೆ ಉದಾಹರಣೆ ನನಗೆ ಗೊತ್ತಿಲ್ಲ. ವೃತ್ತಿಪರ ಲೀಗಿನ ಟೀಮು ಗ್ರೀನ್ ಬೇ ಪ್ಯಾಕರ್ಸ್ 1958ರಲ್ಲಿ ಗೆದ್ದಿದ್ದು ಒಂದೇ ಮ್ಯಾಚು. 1959ರಲ್ಲಿ ಲೊಂಬಾರ್ಡಿ ಬಂದ, ಸ್ವೀಪ್ ಅನ್ನುವ ಒಂದು ಓಟದ ಪ್ಲೇಯನ್ನು ಟೀಮಿನ ಬುನಾದಿ ಮಾಡಿಕೊಂಡ. ಆಮೇಲೆ 1961, 62, 65, 66, 67ರಲ್ಲಿ ಚಾಂಪಿಯನ್. ಸೀಸನ್ ಕೊನೆಯ ಫೈನಲ್ ಆದ ಸೂಪರ್ ಬೌಲ್ ಶುರುವಾದಾಗ ಮೊದಲ ಎರಡೂ ಅವರದ್ದೇ. ಮುಂದೆ ತಾನೇ ದೊಡ್ಡ ಕೋಚ್ ಆದ ಜಾನ್ ಮ್ಯಾಡೆನ್ ಹೇಳುತ್ತಿದ್ದ ಪ್ರಕಾರ, ಒಂದು ಕೋಚಿಂಗ್ ಶಿಬಿರದಲ್ಲಿ ಲೊಂಬಾರ್ಡಿ ಈ ಒಂದು ಪ್ಲೇ ಬಗ್ಗೆಯೇ ಎಂಟು ಗಂಟೆ ಮಾತಾಡಿದ್ದ.

ಎಂಟು ಗಂಟೆ ಮಾತಾಡೋಕೆ ಅದರಲ್ಲಿ ಏನಿದೆ? ಮೊದಲು ಯಾರು ಎಲ್ಲಿ ನಿಲ್ಲುತ್ತಾರೆ ಅಂತ ಹೇಳುತ್ತೇನೆ. ಆಫೆನ್ಸ್‌ನ ಮುಂದಿನ ಸಾಲೇ ಲೈನ್: ನಡುವೆ ಸ್ನ್ಯಾಪ್ ಮಾಡುವ ಸೆಂಟರ್, ಅವನ ಎರಡು ಬದಿಗೆ ಗಾರ್ಡ್‌ಗಳು, ಅವರಾಚೆ ಟ್ಯಾಕಲ್‌ಗಳು, ತುದಿಯಲ್ಲಿ ಟೈಟ್ ಎಂಡ್. ಹಿಂದೆ ಚೆಂಡು ಪಡೆದು ಹಂಚುವ ಕ್ವಾರ್ಟರ್‌ಬ್ಯಾಕ್, ಫುಲ್‌ಬ್ಯಾಕ್, ಮತ್ತೆ ಈ ಪ್ಲೇನಲ್ಲಿ ಚೆಂಡು ಹಿಡಿದು ಓಡುವ ಹಾಫ್‌ಬ್ಯಾಕ್. ಎದುರಿಗೆ ತಡೆಯುವ ಡಿಫೆನ್ಸ್: ಸಾಲಿನ ತುದಿಗೆ ಡಿಫೆನ್ಸಿವ್ ಎಂಡ್, ಸಾಲಿನ ಹಿಂದೆ ಲೈನ್‌ಬ್ಯಾಕರ್‌ಗಳು, ಹೊರಬದಿಗೆ ಕಾರ್ನರ್‌ಬ್ಯಾಕ್. ಈಗ ಬಲಕ್ಕೆ ಓಡುವ ಸ್ವೀಪನ್ನೇ ನೋಡಿ. ಸ್ನ್ಯಾಪ್ ಆದ ಕೂಡಲೇ ಎರಡೂ ಗಾರ್ಡ್‌ಗಳು ತಮ್ಮ ಜಾಗ ಬಿಟ್ಟು ಬಲಕ್ಕೆ ಓಡುತ್ತಾರೆ. ಗಾರ್ಡ್ ಹೋದ ಮೇಲೆ ಖಾಲಿಯಾದ ಜಾಗವನ್ನು ಸೆಂಟರ್ ಮುಚ್ಚಬೇಕು, ಇದು ತಪ್ಪಿದರೆ ಚೆಂಡು ಕೈಗೆ ಬರುವ ಮೊದಲೇ ಕಥೆ ಮುಗಿಯುತ್ತದೆ. ಬಲಗಡೆಯ ಟ್ಯಾಕಲ್ ಎದುರಿಗಿರುವ ಡಿಫೆನ್ಸಿವ್ ಎಂಡ್‌ಗೆ ಒಂದು ಗುದ್ದು ಕೊಟ್ಟು ಒಳಗಿನ ಲೈನ್‌ಬ್ಯಾಕರ್ ಕಡೆ ಹೋಗುತ್ತಾನೆ, ಆ ಎಂಡ್‌ನನ್ನು ಹಿಂದಿನಿಂದ ಬಂದ ಫುಲ್‌ಬ್ಯಾಕ್ ನೋಡಿಕೊಳ್ಳುತ್ತಾನೆ. ಟೈಟ್ ಎಂಡ್ ಹೊರಗಿನ ಲೈನ್‌ಬ್ಯಾಕರ್‌ನನ್ನು ತಡೆಯುತ್ತಾನೆ. ಇಲ್ಲಿದೆ ಮಜಾ: ಲೈನ್‌ಬ್ಯಾಕರ್ ಇಂಥ ಕಡೆಗೇ ಹೋಗಬೇಕು ಅಂತ ಟೈಟ್ ಎಂಡ್ ಹಟ ಹಿಡಿಯಬೇಕಿಲ್ಲ. ಅವನು ಎತ್ತ ಹೋಗಬೇಕು ಅಂತಾನೋ ಅತ್ತಲೇ ತಳ್ಳಿದರೆ ಆಯಿತು. ಹೊರಗೆ ಹೋದನಾ, ಹಾಫ್‌ಬ್ಯಾಕ್ ಒಳಗೆ ನುಗ್ಗುತ್ತಾನೆ. ಒಳಗೆ ಬಂದನಾ, ಹೊರಗೆ ಸುತ್ತುತ್ತಾನೆ. ಮೊದಲ ಗಾರ್ಡ್ ಕಾರ್ನರ್‌ಬ್ಯಾಕ್‌ನನ್ನು ಹೊರಕ್ಕೆ ತಳ್ಳಿದರೆ, ಎರಡನೆಯ ಗಾರ್ಡ್ ಒಳಗಿನಿಂದ ಅಟ್ಟಿಸಿಕೊಂಡು ಬರುವವರನ್ನು ತಡೆಯುತ್ತಾನೆ. ಇಬ್ಬರ ನಡುವೆ ಒಂದು ಓಣಿ ತೆರೆಯುತ್ತದೆ.

ಈ ಪ್ಲೇ ಕಲಿಸುವಾಗ ಹುಡುಗರು ಎಲ್ಲೆಲ್ಲಿ ಎಡವುತ್ತಾರೆ ಅಂತಲೂ ಹೇಳಿಬಿಡುತ್ತೇನೆ. ಒಂದು, ಗಾರ್ಡ್‌ನ ಮೊದಲ ಹೆಜ್ಜೆ. ಅವನು ಮೊದಲು ಎದ್ದು ನಿಂತು ಆಮೇಲೆ ತಿರುಗಿ ಓಡುತ್ತಾನೆ, ಅಷ್ಟರಲ್ಲಿ ಅರ್ಧ ಸೆಕೆಂಡ್ ಹೋಯಿತು. ಕೂತ ಭಂಗಿಯಿಂದಲೇ ಬಲಗಾಲು ತಿರುಗಬೇಕು, ಮೊಣಕೈ ಹಿಂದಕ್ಕೆ ಎಳೆಯಬೇಕು, ತಲೆ ಕೆಳಗೇ ಇರಬೇಕು. ಚೆಂಡೇ ಇಲ್ಲದೆ ಇದೊಂದು ಹೆಜ್ಜೆಯನ್ನು ದಿನಾ ಮಾಡಿಸಿ. ಎರಡು, ಚೆಂಡು ಹಿಡಿದವನ ಅವಸರ. ಗಾರ್ಡ್‌ಗಳನ್ನು ದಾಟಿ ಮುಂದೆ ಓಡಿಬಿಡುತ್ತಾನೆ. ಪ್ಯಾಕರ್ಸ್‌ನ ಹಾಫ್‌ಬ್ಯಾಕ್ ಪಾಲ್ ಹಾರ್ನಂಗ್ ಅಂಥ ವೇಗಿ ಏನಲ್ಲ, ಆದರೆ ಮುಂದಿನವರು ತಡೆ ಹಾಕುವವರೆಗೂ ಕಾಯುವ ತಾಳ್ಮೆ ಇತ್ತು. ನಿಮ್ಮ ಟೀಮಿನ ಅತಿ ವೇಗದ ಹುಡುಗನಿಗೆ ಈ ತಾಳ್ಮೆ ಕಲಿಸುವುದೇ ಇಡೀ ಸೀಸನ್‌ನ ಕಷ್ಟದ ಕೆಲಸ, ನೋಡ್ತಾ ಇರಿ.

ಈಗ ಎದುರಾಳಿ ಇದನ್ನು ತಡೆಯೋಕೆ ಏನು ಮಾಡುತ್ತಾನೆ ಅಂತ ಯೋಚಿಸಿ. ಲೈನ್‌ಬ್ಯಾಕರ್‌ಗಳು ಗಾರ್ಡ್ ಅಲ್ಲಾಡಿದ ಕೂಡಲೇ ಬದಿಗೆ ಓಡತೊಡಗುತ್ತಾರೆ. ಆಗ ಅದೇ ತರ ಶುರುವಾಗುವ, ಆದರೆ ಫುಲ್‌ಬ್ಯಾಕ್‌ಗೆ ಚೆಂಡು ಕೊಟ್ಟು ನಡುವೆ ನುಗ್ಗಿಸುವ ಪ್ಲೇ ಬೇಕು. ಕಾರ್ನರ್‌ಬ್ಯಾಕ್ ಓಟ ತಡೆಯಲು ಮುಂದೆ ಧಾವಿಸುತ್ತಾನೆ. ಆಗ ಹಾಫ್‌ಬ್ಯಾಕ್ ಓಡುವಂತೆ ನಟಿಸಿ ಅವನ ತಲೆ ಮೇಲಿಂದ ಪಾಸ್ ಎಸೆಯಬೇಕು. ಹಾರ್ನಂಗ್ ಕಾಲೇಜಿನಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿದ್ದವನು, ಹಾಗಾಗಿ ಇದು ಅವನಿಗೆ ಸಲೀಸು. ಇನ್ನು ಎಲ್ಲರೂ ಒಂದೇ ಕಡೆ ಓಡುತ್ತಿದ್ದರೆ ಕ್ವಾರ್ಟರ್‌ಬ್ಯಾಕ್ ಚೆಂಡು ಬಚ್ಚಿಟ್ಟುಕೊಂಡು ಉಲ್ಟಾ ದಿಕ್ಕಿಗೆ ಹೊರಡುವ ಬೂಟ್‌ಲೆಗ್. ನಾಲ್ಕಾಯಿತು. ಒಂದು ಸ್ಲಾಂಟ್ ಪಾಸ್ (ರಿಸೀವರ್, ಅಂದರೆ ಪಾಸ್ ಹಿಡಿಯುವವನು, ಓರೆಯಾಗಿ ಒಳಗೆ ಓಡಿ ಹಿಡಿಯುವುದು), ಒಂದು ಸ್ಕ್ರೀನ್ (ಮುಂದೆ ತಡೆ ಹಾಕುವವರನ್ನು ಇಟ್ಟುಕೊಂಡು ಕೊಡುವ ಸಣ್ಣ ಪಾಸ್). ಮುಗಿಯಿತು, ಆರು. ಮೊದಲ ನಾಲ್ಕರಲ್ಲೂ ಮೊದಲ ಎರಡು ಹೆಜ್ಜೆ ಆದಷ್ಟೂ ಒಂದೇ ತರ ಕಾಣಬೇಕು. ಡಿಫೆನ್ಸ್‌ಗೆ ಗೊಂದಲ ಹುಟ್ಟುವುದು ಅಲ್ಲಿ. ನಿಮ್ಮ ಹುಡುಗರಿಗೆ ಹೊಸದಾಗಿ ಕಲಿಯುವುದು ಸ್ವಲ್ಪವೇ ಇರುತ್ತದೆ.

ಲೈನ್‌ನವರಿಗೆ ಚಿತ್ರ ಬಾಯಿಪಾಠ ಮಾಡಿಸಬೇಡಿ, ನಿಯಮ ಕೊಡಿ. ಚಿತ್ರದಲ್ಲಿ ಡಿಫೆನ್ಸ್ ಒಂದೇ ತರ ನಿಂತಿರುತ್ತದೆ, ಮೈದಾನದಲ್ಲಿ ನಿಲ್ಲುವುದಿಲ್ಲ. "ಒಳಗಿನ ಸಂದಿಯಲ್ಲಿ ಯಾರಾದರೂ ಇದ್ದಾರಾ? ಅವನನ್ನು ತಡಿ. ಇಲ್ವಾ? ಎದುರಿಗಿರುವವನನ್ನು ತಡಿ. ಅವನೂ ಇಲ್ವಾ? ಲೈನ್‌ಬ್ಯಾಕರ್ ಹತ್ತಿರ ಹೋಗು." ನಡುವೆ ನುಗ್ಗುವ ಪ್ಲೇಗಳಿಗೆ ಹತ್ತು ವರ್ಷದ ಹುಡುಗನಿಗೂ ಇಷ್ಟು ನೆನಪಿರುತ್ತದೆ. ಪ್ಲೇಗಳ ಹೆಸರುಗಳೂ ಚಿಕ್ಕದಾಗಿರಲಿ. ಬಲಗಡೆಗೆ ಸಮ ಸಂಖ್ಯೆ, ಎಡಗಡೆಗೆ ಬೆಸ ಸಂಖ್ಯೆ, ಅದು ಹಳೆಯ ಪದ್ಧತಿ, ಕೆಲಸ ಮಾಡುತ್ತದೆ.

ಪಾಸ್ ಮಾಡುವ ಟೀಮಿಗೆ ಇದೆಲ್ಲ ಹೊಂದುವುದಿಲ್ಲ ಅನ್ನುವವರಿದ್ದಾರೆ. ಕೋಚ್‌ಗಳಾದ ಹಾಲ್ ಮಮ್ಮಿ ಮತ್ತು ಮೈಕ್ ಲೀಚ್ 1989ರಲ್ಲಿ ಅಯೋವಾ ವೆಸ್ಲಿಯನ್ ಅನ್ನುವ ಸಣ್ಣ ಕಾಲೇಜಿನಲ್ಲಿ ಶುರು ಮಾಡಿದ ಏರ್ ರೇಡ್ ಅನ್ನುವ ಪಾಸ್ ಆಫೆನ್ಸ್ ನೋಡಿ. ಬೆರಳೆಣಿಕೆಯ ಪಾಸ್ ಪ್ಲೇಗಳು, ಅವನ್ನೇ ಪ್ರತಿ ಪ್ರಾಕ್ಟೀಸಿನಲ್ಲೂ ಎಸೆಯುವುದು. ಅದರಲ್ಲಿ ಮೆಶ್ ಅನ್ನುವ ಪ್ಲೇ: ಇಬ್ಬರು ರಿಸೀವರ್‌ಗಳು ಎರಡು ಕಡೆಯಿಂದ ಬಂದು ನಡುವೆ ಮೈಗೆ ಮೈ ತಾಗುವಷ್ಟು ಹತ್ತಿರದಲ್ಲಿ ದಾಟುತ್ತಾರೆ, ಬೆನ್ನಟ್ಟುವವರು ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ. ಅಷ್ಟೇ ಹತ್ತಿರದಲ್ಲಿ ದಾಟೋಕೆ ಬರುವುದು ಸಾವಿರ ಸಲ ದಾಟಿದ ಮೇಲೆ. ಇದೇ ಸಾಮಾನು ಹಿಡಿದು ಲೀಚ್ 2000ದಿಂದ 2009ರವರೆಗೆ ಟೆಕ್ಸಸ್ ಟೆಕ್ ಯೂನಿವರ್ಸಿಟಿಯ ಟೀಮು ನಡೆಸಿದ. 2008ರಲ್ಲಿ ದೊಡ್ಡಣ್ಣನಂತಿದ್ದ ಟೆಕ್ಸಸ್ ಯೂನಿವರ್ಸಿಟಿಯನ್ನೇ 39-33ರಲ್ಲಿ ಸೋಲಿಸಿದ.

ಪ್ರಾಕ್ಟೀಸಿಗೆ ಬರೋಣ. ಮೊದಲು ನಡೆದುಕೊಂಡು, ಆಮೇಲೆ ಅರ್ಧ ವೇಗದಲ್ಲಿ, ಆಮೇಲೆ ಎದುರಿಗೆ ಯಾರೂ ಇಲ್ಲದೆ ಪೂರ್ತಿ ವೇಗದಲ್ಲಿ, ಕೊನೆಗೆ ಡಿಫೆನ್ಸ್ ಎದುರು. ಒಬ್ಬ ತಪ್ಪಿದರೂ ಅದೇ ಪ್ಲೇ ಮತ್ತೆ. ಬೈಯಬೇಡಿ, ಸುಮ್ನೆ ಮತ್ತೆ ಮಾಡಿಸಿ. ಸೆಂಟರ್ ಮತ್ತು ಕ್ವಾರ್ಟರ್‌ಬ್ಯಾಕ್ ಇಬ್ಬರೂ ಎಲ್ಲರಿಗಿಂತ ಹತ್ತು ನಿಮಿಷ ಮುಂಚೆ ಬಂದು ಬರೀ ಸ್ನ್ಯಾಪ್ ಮಾಡಲಿ, ಒದ್ದೆ ಚೆಂಡಿನಲ್ಲೂ ಮಾಡಲಿ. ಮಕ್ಕಳ ಮ್ಯಾಚುಗಳಲ್ಲಿ ಚೆಂಡು ಕೈಜಾರುವುದು, ಸ್ನ್ಯಾಪ್‌ಗೆ ಮುಂಚೆ ಅಲ್ಲಾಡಿ 5 ಯಾರ್ಡ್ ಕಳೆದುಕೊಳ್ಳುವುದು, ಎದುರಾಳಿಯನ್ನು ಹಿಡಿದು (ಹೋಲ್ಡಿಂಗ್) 10 ಯಾರ್ಡ್ ಕಳೆದುಕೊಳ್ಳುವುದು, ಇವೇ ಜಾಸ್ತಿ ಹಾನಿ ಮಾಡುತ್ತವೆ. ಇವಕ್ಕೆ ಹೊಸ ಪ್ಲೇ ಮದ್ದಲ್ಲ.

ಹೈಸ್ಕೂಲ್ ಮಟ್ಟದಲ್ಲಿ ಇದರ ತುದಿ ಮುಟ್ಟಿದ್ದು ಕ್ಯಾಲಿಫೋರ್ನಿಯಾದ ಕಾಂಕರ್ಡ್‌ನ ಡಿ ಲಾ ಸಾಲ್. ಆಗ ಬಾಬ್ ಲಡೌಸರ್ ಕೋಚ್. ವೀರ್ ಅನ್ನುವ ಹಳೇ ಓಟದ ಆಫೆನ್ಸ್ ಇಟ್ಟುಕೊಂಡು 1992ರಿಂದ ಸತತ 151 ಮ್ಯಾಚ್ ಗೆದ್ದರು. 2004ರಲ್ಲಿ ಅವರನ್ನು ಸೋಲಿಸಿದ ಬೆಲ್‌ವ್ಯೂ ಹೈಸ್ಕೂಲ್ ಆಡಿದ್ದೂ ಹೊಸದೇನಲ್ಲ, ವೀರ್‌ಗಿಂತಲೂ ಹಳೇದಾದ ವಿಂಗ್-ಟಿ ಅನ್ನುವ ಓಟದ ಆಫೆನ್ಸ್!

ನಿಮ್ಮದು ಮೈಮೇಲೆ ಬೀಳದೆ ಸೊಂಟಕ್ಕೆ ಕಟ್ಟಿದ ಪಟ್ಟಿ ಕಿತ್ತು ತಡೆಯುವ ಐವರ ಫ್ಲ್ಯಾಗ್ ಫುಟ್‌ಬಾಲ್ ಆದರೆ (2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಬರುವುದೂ ಇದೇ) ಗಾರ್ಡು ಗೀರ್ಡು ಏನೂ ಇಲ್ಲ, ನಾಲ್ಕು ಪ್ಲೇ ಸಾಕು: ಬದಿಗೆ ಒಂದು ಓಟ, ಹಾಗೇ ಶುರುವಾಗುವ ಒಂದು ಉಲ್ಟಾ ಓಟ, ಮೆಶ್, ಮತ್ತೆ ಒಂದು ಉದ್ದದ ಪಾಸ್.

ಒಂದು ಎಚ್ಚರಿಕೆ. ಎದುರಾಳಿಯ ಲೈನ್‌ನವರು ನಿಮ್ಮವರಿಗಿಂತ ತಲೆಯೊಂದು ಎತ್ತರ, ತೂಕವೂ ಜಾಸ್ತಿ ಇದ್ದರೆ, ನೇರವಾಗಿ ಗುದ್ದುವ ಪ್ಲೇ ಎಷ್ಟು ಪಕ್ಕಾ ಮಾಡಿದರೂ ಗೋಡೆಗೆ ತಲೆ ಚಚ್ಚಿಕೊಂಡಂತೆ. ಆಗಲೂ ಪ್ಲೇ ಸಂಖ್ಯೆ ಏರಿಸಬೇಡಿ. ಬೂಟ್‌ಲೆಗ್, ಸ್ಕ್ರೀನ್ ಜಾಸ್ತಿ ಕರೆಯಿರಿ. ಇಲ್ಲವೇ ಅದೇ ಸ್ವೀಪನ್ನು ಬೇರೆ ಫಾರ್ಮೇಶನ್‌ನಿಂದ (ನಿಲ್ಲುವ ಕ್ರಮದಿಂದ), ಸ್ನ್ಯಾಪ್‌ಗೆ ಮೊದಲೇ ಒಬ್ಬನನ್ನು ಬದಿಗೆ ಓಡಿಸಿ (ಮೋಶನ್) ಆಡಿ. ಡಿಫೆನ್ಸ್‌ಗೆ ಹೊಸದಾಗಿ ಕಾಣುತ್ತದೆ, ನಿಮ್ಮ ಲೈನ್‌ಗೆ ಅದೇ ಕೆಲಸ.

ಏಳನೇ ಪ್ಲೇ ಸೇರಿಸಬೇಕು ಅನ್ನಿಸಿದಾಗ ಪ್ರಾಕ್ಟೀಸ್ ನಡುವೆ ಯಾವನಾದರೂ ಒಬ್ಬ ಹುಡುಗನನ್ನು ನಿಲ್ಲಿಸಿ, "ಇದರಲ್ಲಿ ನಿನ್ನ ಮೊದಲ ಹೆಜ್ಜೆ ಯಾವ ಕಾಲು?" ಅಂತ ಆರೂ ಪ್ಲೇ ಬಗ್ಗೆ ಕೇಳಿ. ತಡವರಿಸದೆ ಹೇಳಿದರೆ ಇನ್ನೊಬ್ಬನನ್ನು ಕೇಳಿ. ಎಲ್ಲರೂ ಹೇಳಿದರೆ ಮಾತ್ರ ಏಳನೆಯದನ್ನು ತನ್ನಿ, ಅದೂ ಆರರಲ್ಲಿ ಕಡಿಮೆ ಕೆಲಸಕ್ಕೆ ಬರುವ ಒಂದನ್ನು ಹೊಡೆದುಹಾಕಿದ ಮೇಲೆ.